ಹುಟ್ಟು ಮತ್ತು ಅಪರಾಧ: ಬೆಟಗೇರಿಯ ಸೆಟ್ಲಮೆಂಟ್ ಮುಂದಿಡುವ ಧರ್ಮಪ್ರಶ್ನೆ

ಅಪರಾಧವು ಮನುಷ್ಯನ ಕೃತ್ಯದಲ್ಲಿರುತ್ತದೆಯೋ ಅವನ ಹುಟ್ಟಿನಲ್ಲಿರುತ್ತದೆಯೋ ಎಂಬ ಪ್ರಶ್ನೆ ಮೇಲ್ನೋಟಕ್ಕೆ ತರ್ಕದ ಅಭ್ಯಾಸದಂತೆ ಕಾಣಬಹುದಾದರೂ, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಗದಗ-ಬೆಟಗೇರಿಯ ನೆಲದ ಮೇಲೆ ಅದು ಹಾಜರಿ ಪುಸ್ತಕ, ಬೆರಳಚ್ಚು ಮತ್ತು ಪಾಸುಗಳ ರೂಪ ತಾಳಿ ಅನೇಕ ಕುಟುಂಬಗಳ ದಿನಚರಿಯನ್ನೇ ಆಳಿತು. ಬೆಟಗೇರಿಯಲ್ಲಿ ಇಂದಿಗೂ ಸೆಟ್ಲಮೆಂಟ್ ಎಂಬ ಹೆಸರಿನಿಂದಲೇ ಗುರುತಿಸಲ್ಪಡುವ ವಸತಿಯಿದೆ. ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರಗಳಿಗೂ ಇದೇ ಬಗೆಯ ಚರಿತ್ರೆಯಿದೆ. ಸೆಟ್ಲಮೆಂಟ್ ಎಂದರೆ, ಸರಕಾರವು ಅಪರಾಧಿ ಬುಡಕಟ್ಟು ಎಂದು ಘೋಷಿಸಿದ ಸಮುದಾಯಗಳ ಕುಟುಂಬಗಳನ್ನು ಹೆಂಗಸರು ಮಕ್ಕಳ ಸಹಿತ ಊರಿನಿಂದ ಬೇರ್ಪಡಿಸಿ, ಕಾವಲಿನಲ್ಲಿಟ್ಟು, ದುಡಿಸಿ, ತಿದ್ದಬೇಕೆಂಬ ಉದ್ದೇಶದಿಂದ ಕಟ್ಟಿದ ವಸಾಹತು. ಜನಾಂಗಭೇದವು ಅಮೆರಿಕೆಗೋ ದಕ್ಷಿಣ ಆಫ್ರಿಕೆಗೋ ಸೇರಿದ ಸಂಗತಿಯೆಂದು ಕನ್ನಡದಲ್ಲಿ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ರಕ್ತವನ್ನು ನೋಡಿ ಮನುಷ್ಯರನ್ನು ವಿಂಗಡಿಸಿ ದೂರವಿಡುವ ವ್ಯವಸ್ಥೆ ಕುಮಾರವ್ಯಾಸನ ಊರಿನಲ್ಲಿಯೇ ಕಾನೂನಿನ ಬಲದಿಂದ ನಡೆದಿತ್ತೆಂಬುದನ್ನು ನೆನೆದಾಗ, ಆ ಭಾವನೆ ಎಷ್ಟು ಅಪೂರ್ಣವೆಂಬುದು ತಿಳಿಯುತ್ತದೆ.

ಈ ವ್ಯವಸ್ಥೆಯ ಮೂಲದಲ್ಲಿದ್ದುದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. 1857-58ರ ಬಂಡಾಯವನ್ನು ಕಂಡಿದ್ದ, ಮುಂಡರಗಿಯ ಭೀಮರಾಯನಂಥವರನ್ನು ಎದುರಿಸಿದ್ದ ಸರಕಾರಕ್ಕೆ ಒಂದೆಡೆ ನೆಲೆ ನಿಲ್ಲದೆ ಸಂಚರಿಸುವ ಜನರ ಮೇಲೆ ಮೊದಲಿನಿಂದಲೂ ಅನುಮಾನವಿತ್ತು. ಮೊದಲು ಉತ್ತರ ಭಾರತದ ಪ್ರಾಂತ್ಯಗಳಿಗಷ್ಟೇ ಅನ್ವಯಿಸುತ್ತಿದ್ದ ಈ ಕಾಯ್ದೆಯನ್ನು 1911ರಲ್ಲಿ ಬ್ರಿಟಿಷ್ ಭಾರತಕ್ಕೆಲ್ಲ ವಿಸ್ತರಿಸಿ, 1924ರಲ್ಲಿ ಕ್ರೋಡೀಕರಿಸಿ ಮತ್ತೆ ಜಾರಿಗೊಳಿಸಲಾಯಿತು. ಅದರ ಪ್ರಕಾರ ಪ್ರಾಂತೀಯ ಸರಕಾರವು ಯಾವುದೇ ಬುಡಕಟ್ಟನ್ನು, ಗುಂಪನ್ನು ಅಥವಾ ವರ್ಗವನ್ನು ಅಪರಾಧಿಯೆಂದು ಘೋಷಿಸಬಹುದಾಗಿತ್ತು, ಮತ್ತು ಆ ಘೋಷಣೆ ಸರಿಯೇ ಎಂದು ಪರಿಶೀಲಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇರಲಿಲ್ಲ. ನೋಂದಾಯಿತ ವ್ಯಕ್ತಿ ನಿಗದಿತ ಸಮಯಕ್ಕೆ ಹಾಜರಿ ಕೊಡಬೇಕು, ಬೆರಳಚ್ಚು ಕೊಡಬೇಕು, ವಾಸಸ್ಥಳ ಬದಲಿಸಿದರೆ ತಿಳಿಸಬೇಕು, ಸೆಟ್ಲಮೆಂಟಿನಿಂದ ಹೊರಹೋಗುವುದಾದರೆ ಪಾಸು ಪಡೆಯಬೇಕು. ಕೆಲವು ಅಪರಾಧಗಳಿಗೆ ಇತರರಿಗಿಂತ ಹೆಚ್ಚಿನ ಶಿಕ್ಷೆಯನ್ನು ಅವನು ಅನುಭವಿಸಬೇಕು. ಅವನ ಮಕ್ಕಳನ್ನು ಅವನಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಸೇರಿಸುವ ಅಧಿಕಾರವೂ ಸರಕಾರಕ್ಕಿತ್ತು. ನೇಯ್ಗೆಯೂ ಬಡಗಿತನವೂ ಜಾತಿಯಿಂದ ಬರುವ ಈ ದೇಶದಲ್ಲಿ ಕಳ್ಳತನವೂ ವಂಶದ ಕಸುಬಾಗಿಯೇ ಇರಬೇಕೆಂಬುದು ಕಾಯ್ದೆಯ ಹಿಂದಿದ್ದ ವಾದ. ಈ ವಾದದಲ್ಲಿ ಯೂರೋಪಿನ ರಕ್ತಸಿದ್ಧಾಂತವೂ ಭಾರತದ ಜಾತಿಸಿದ್ಧಾಂತವೂ ಒಂದಕ್ಕೊಂದು ಸಾಕ್ಷಿ ನುಡಿದವು, ಮತ್ತು ಆರೋಪಿಯ ಮಾತನ್ನು ಕೇಳುವ ಅಗತ್ಯವೇ ಉಳಿಯಲಿಲ್ಲ.

1924ನೆಯ ಇಸವಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಆ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದು, ಗದಗಿನ ಹುಯಿಲಗೋಳ ನಾರಾಯಣರಾಯರು ಕನ್ನಡ ನಾಡಿನ ಉದಯವನ್ನು ಹಾರೈಸಿ ಬರೆದ ಗೀತೆಯನ್ನು ಅಲ್ಲಿ ಹಾಡಲಾಯಿತು. ಅದೇ ವರ್ಷ ಕ್ರೋಡೀಕೃತ ಕಾಯ್ದೆಯೂ ಜಾರಿಗೆ ಬಂತು. ನಾಡು ತನ್ನ ಒಂದಾಗುವಿಕೆಯನ್ನು ಕನಸುತ್ತಿದ್ದ ದಿನಗಳಲ್ಲಿಯೇ ಆ ನಾಡಿನೊಳಗಿನ ಕೆಲವು ಸಮುದಾಯಗಳನ್ನು ಹಾಜರಿ ಪುಸ್ತಕದಲ್ಲಿ ಬರೆದಿಡಲಾಗುತ್ತಿತ್ತು. ಏಕೀಕರಣದ ಚರಿತ್ರೆಯನ್ನು ಬರೆಯುವವರು ಈ ಎರಡನ್ನೂ ಒಂದೇ ಪುಟದಲ್ಲಿಡುವುದು ಅಪರೂಪ.

ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಇಂಥ ಕಾನೂನು ಭಾರತಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಫ್ರಾನ್ಸ್ 1912ರಲ್ಲಿಯೇ ಅಲೆಮಾರಿಗಳು ದೇಹದ ಅಳತೆ ಮತ್ತು ಬೆರಳಚ್ಚುಗಳಿರುವ ಗುರುತಿನ ಪುಸ್ತಕವನ್ನು ಸದಾ ಹೊಂದಿರಬೇಕೆಂದು ವಿಧಿಸಿತ್ತು. ಜರ್ಮನಿಯ ಬವೇರಿಯಾ 1926ರಲ್ಲಿ ಜಿಪ್ಸಿಗಳ, ಅಂದರೆ ರೋಮಾ ಜನರ, ಸಂಚಾರಕ್ಕೆ ಕಡಿವಾಣ ಹಾಕುವ ಕಾನೂನು ಮಾಡಿತು. 1935ರ ನ್ಯೂರೆಂಬರ್ಗ್ ಕಾನೂನುಗಳು ಮೊದಲು ಯಹೂದ್ಯರ ಮೇಲೆ ಪ್ರಯೋಗವಾಗಿ, ಬಳಿಕ ರೋಮಾ ಜನರಿಗೂ ಅನ್ವಯವಾದವು, ಮತ್ತು ಆ ಹಾದಿ ಕೊನೆಗೆ ಆಶ್‌ವಿಟ್ಸ್ ಶಿಬಿರಕ್ಕೆ ತಲುಪಿತು. ರೋಮಾ ಜನರ ಭಾಷೆ ಭಾರತೀಯ ಮೂಲದ್ದೆಂಬುದನ್ನು ನೆನೆದರೆ, ಅಲೆಮಾರಿಯ ಮೇಲಿನ ಈ ದ್ವೇಷ ಎರಡು ಖಂಡಗಳಲ್ಲಿ ಒಂದೇ ಕಾಲಕ್ಕೆ ಕಾನೂನಾದುದು ಮನಸ್ಸನ್ನು ಕಲಕುತ್ತದೆ. ಬೆಟಗೇರಿಯನ್ನು ಆಶ್‌ವಿಟ್ಸಿಗೆ ಸಮನೆಂದು ಹೇಳುವುದು ಸುಳ್ಳು. ಇಲ್ಲಿನ ಅಧಿಕಾರಿಗಳಿಗೆ ಕೊಲ್ಲುವ ಉದ್ದೇಶವಿರಲಿಲ್ಲ, ತಿದ್ದುವ ಉದ್ದೇಶವಿತ್ತು. ಆದರೂ ಪಟ್ಟಿಗೆ ಹೆಸರು ಸೇರಿಸುವ ಕ್ಷಣದಲ್ಲಿ ಎರಡೂ ಕಡೆ ಕೇಳಲಾದ ಪ್ರಶ್ನೆ ಒಂದೇ ಆಗಿತ್ತು: ಈತ ಏನು ಮಾಡಿದ್ದಾನೆ ಎಂಬುದನ್ನು ಯಾರೂ ಕೇಳಲಿಲ್ಲ, ಈತ ಯಾರಿಗೆ ಹುಟ್ಟಿದ್ದಾನೆ ಎಂಬುದನ್ನು ಮಾತ್ರ ಕೇಳಿದರು.

ಗದಗ ಸೀಮೆಯ ಅಂದಿನ ರಾಜಕೀಯ ಭೂಪಟ ಈ ಕಾನೂನಿನ ಪೊಳ್ಳುತನವನ್ನು ಬೇರೆಲ್ಲಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ. ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಈ ಊರುಗಳೆಲ್ಲ ಒಂದೇ ಆಡಳಿತದ ಕೆಳಗೆ ಬಂದದ್ದು 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದ ಮೇಲೆ, ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಬ್ರಿಟಿಷ್ ಭಾರತದ ಕಾಯ್ದೆ ಸಂಸ್ಥಾನಗಳ ಪ್ರಜೆಗಳಿಗೆ ತಾನಾಗಿಯೇ ಅನ್ವಯಿಸುತ್ತಿರಲಿಲ್ಲ. ಕೆಲವು ಸಂಸ್ಥಾನಗಳು ತಮ್ಮದೇ ಆದ ಇಂಥ ಕಾನೂನುಗಳನ್ನು ಮಾಡಿಕೊಂಡಿದ್ದವೆಂಬುದು ನಿಜವಾದರೂ, ಒಂದೇ ಬಂಧುಬಳಗದ ಇಬ್ಬರಲ್ಲಿ ಒಬ್ಬನು ಯಾವ ಕಾನೂನಿನ ಪ್ರಕಾರ ಹುಟ್ಟಪರಾಧಿಯಾಗುತ್ತಿದ್ದನು ಎಂಬುದನ್ನು ಗದಗಿಗೂ ಶಿರಹಟ್ಟಿಗೂ ನಡುವಿನ ಎಲ್ಲೆಗಲ್ಲು ನಿರ್ಧರಿಸುತ್ತಿತ್ತು. ರಕ್ತದಲ್ಲಿಯೇ ಇದೆಯೆಂದು ಹೇಳಲಾದ ದೋಷವೊಂದು ಹದ್ದು ದಾಟಿದೊಡನೆ ಬೇರೊಬ್ಬ ಅರಸನ ಮರ್ಜಿಗೆ ಒಳಪಡುವುದಾದರೆ, ಅದು ರಕ್ತದ್ದಾಗಿರಲು ಸಾಧ್ಯವೇ ಇಲ್ಲ.

ಈ ಭಾಗದಲ್ಲಿ ಕಾನೂನಿನ ದೃಷ್ಟಿಗೆ ಬಿದ್ದ ಸಮುದಾಯಗಳಲ್ಲಿ ಗಂಟಿಚೋರರು, ಕೊರಮ-ಕೊರಚರು, ಹರಣಶಿಕಾರಿಗಳು, ಛಪ್ಪರಬಂದರು, ಒಡ್ಡರಲ್ಲಿ ಕೆಲವರು ಮುಖ್ಯರು; ಕೆಲವು ಪ್ರಾಂತ್ಯಗಳಲ್ಲಿ ಲಂಬಾಣಿಗಳೂ ಪಟ್ಟಿಗೆ ಸೇರಿದರು. ಕಪ್ಪತಗುಡ್ಡದ ಸುತ್ತಲಿನ ತಾಂಡಾಗಳಲ್ಲಿ ಇಂದು ನೆಲೆಸಿರುವ ಲಂಬಾಣಿಗಳ ಪೂರ್ವಜರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರಿಗೆ ತಲುಪಿಸುತ್ತಿದ್ದವರು; ಕೊರಮರೂ ಉಪ್ಪಿನ ವ್ಯಾಪಾರ ಮಾಡಿದವರು, ಬುಟ್ಟಿ ಹೆಣೆದವರು, ಹಗ್ಗ ಹೊಸೆದವರು. ರೈಲು ಬಂದು ಹೇರಿನ ವ್ಯಾಪಾರ ನಿಂತಾಗ, ಉಪ್ಪಿನ ಮೇಲೆ ಸರಕಾರದ ಹಿಡಿತ ಬಿಗಿಯಾದಾಗ, ಅಡವಿಗೆ ಕಾವಲು ಬಂದು ಬೇಟೆ ಅಪರಾಧವಾದಾಗ ಈ ಜನರ ಹೊಟ್ಟೆಪಾಡಿನ ದಾರಿಗಳು ಒಂದೊಂದಾಗಿ ಮುಚ್ಚಿಹೋದವು. ಹಸಿವಿನಿಂದ ನಡೆದ ಕಳವುಗಳು ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಆ ಕಳವಿಗೆ ಕಾರಣವನ್ನು ಹುಡುಕಬೇಕಾದವರು ಮುಚ್ಚಿದ ದಾರಿಗಳ ಕಡೆ ನೋಡದೆ ತಾಯಿಯ ಗರ್ಭದ ಕಡೆ ನೋಡಿದರು. ದುಡಿಮೆಯ ಲೆಕ್ಕವೂ ಇದರೊಳಗಿತ್ತು: ಮುಂಬಯಿ ಪ್ರಾಂತ್ಯದ ಸೆಟ್ಲಮೆಂಟುಗಳು ಸೊಲ್ಲಾಪುರ, ಹುಬ್ಬಳ್ಳಿ, ಗೋಕಾಕ, ಗದಗಗಳಂಥ ಹತ್ತಿಯ ಮತ್ತು ಗಿರಣಿಗಳ ಊರುಗಳಲ್ಲಿ ನೆಲೆಗೊಂಡದ್ದು ಆಕಸ್ಮಿಕವಲ್ಲ. ಪಾಸಿಲ್ಲದೆ ಊರು ಬಿಡಲಾಗದ ಕೂಲಿಯಾಳು ಕೂಲಿ ಸಾಲದೆಂದು ಬೇರೆಡೆಗೆ ಹೋಗಲಾರ.

ಮುಂಬಯಿ ಪ್ರಾಂತ್ಯದಲ್ಲಿ ಈ ವ್ಯವಸ್ಥೆಯನ್ನು ರೂಪಿಸಿದ ಮುಖ್ಯ ಅಧಿಕಾರಿ ಓ.ಎಚ್.ಬಿ. ಸ್ಟಾರ್ಟೆ. ಅವರು ವಿಜಯಪುರದಲ್ಲಿ ಕೆಲಸ ಆರಂಭಿಸಿ ಮುಂದೆ ಇಡೀ ಪ್ರಾಂತ್ಯದ ಸೆಟ್ಲಮೆಂಟ್ ಅಧಿಕಾರಿಯಾದರು. ಅವರನ್ನು ಕ್ರೂರಿಯೆಂದು ಬಣ್ಣಿಸಿದರೆ ಪ್ರಶ್ನೆಯ ಆಳ ಕೈತಪ್ಪುತ್ತದೆ. ಶಾಲೆ, ಕೆಲಸ, ಹಂತಹಂತವಾದ ಬಿಡುಗಡೆ ಇವುಗಳಿಂದ ಮನುಷ್ಯ ಬದಲಾಗುತ್ತಾನೆಂದು ಅವರು ನಂಬಿದ್ದರು, ಮತ್ತು ಸೆಟ್ಲಮೆಂಟಿನ ಶಾಲೆಯಲ್ಲಿ ಅಕ್ಷರ ಕಲಿತ ಮಕ್ಕಳಿದ್ದದ್ದೂ ನಿಜ. ಕೆಲವು ಸೆಟ್ಲಮೆಂಟುಗಳ ಆಡಳಿತವನ್ನು ಸರಕಾರ ಕ್ರೈಸ್ತ ಸಂಸ್ಥೆಗಳಿಗೆ ಒಪ್ಪಿಸಿತ್ತು. ಸೊಲ್ಲಾಪುರದಲ್ಲಿ ಅಮೆರಿಕನ್ ಮರಾಠಿ ಮಿಷನ್, ಆಂಧ್ರದ ಸ್ಟುವರ್ಟ್‌ಪುರದಲ್ಲಿ ಸಾಲ್ವೇಶನ್ ಆರ್ಮಿ ಈ ಕೆಲಸ ಮಾಡಿದವು. ಪಶ್ಚಾತ್ತಾಪದಿಂದ ಎಂಥ ಪಾಪಿಯೂ ಹೊಸ ಮನುಷ್ಯನಾಗಬಲ್ಲನೆಂಬುದು ಈ ಮಿಷನರಿಗಳ ಶ್ರದ್ಧೆಯ ತಿರುಳು. ಅದು ರಕ್ತಸಿದ್ಧಾಂತಕ್ಕೆ ನೇರವಾಗಿ ವಿರುದ್ಧವಾದ ನಿಲುವು. ತಂದೆಯ ದೋಷವನ್ನು ಮಗ ಹೊರಬೇಕಾಗಿಲ್ಲವೆಂಬುದನ್ನು ಬೈಬಲಿನ ಯೆಹೆಜ್ಕೇಲನ ಗ್ರಂಥದ 18ನೆಯ ಅಧ್ಯಾಯ ವಿಸ್ತಾರವಾಗಿ ವಾದಿಸುತ್ತದೆ. ಹೀಗಿದ್ದೂ, ಮಾಡದ ಪಾಪಕ್ಕೆ ಪಶ್ಚಾತ್ತಾಪ ಪಡಬೇಕಾದ ಸ್ಥಿತಿಯಲ್ಲಿ ಹಸುಳೆಗಳನ್ನು ಇರಿಸಿದ ವ್ಯವಸ್ಥೆಗೆ ಆ ಶ್ರದ್ಧೆ ಸೇವಕನಾಗಿ ನಿಂತಿತು. ತಿದ್ದುವ ಕರುಣೆಗೆ ಮೊದಲು ತಪ್ಪಿತಸ್ಥನೊಬ್ಬ ಬೇಕು. ತಪ್ಪನ್ನು ಸಾಬೀತುಪಡಿಸದೆಯೇ ಕರುಣೆ ತೋರಿಸಲು ಹೊರಟಾಗ, ಆ ಕರುಣೆಯೇ ಆರೋಪವಾಗುತ್ತದೆ.

ಭಾರತೀಯ ದರ್ಶನಗಳ ಕಡೆಯಿಂದ ನೋಡಿದರೆ ಈ ಕಾಯ್ದೆ ಇನ್ನೂ ದುರ್ಬಲವಾಗಿ ಕಾಣಬೇಕಿತ್ತು. ಕರ್ಮಸಿದ್ಧಾಂತವನ್ನು ಚರ್ಚಿಸಿದ ತಾರ್ಕಿಕರು ಯಾವ ವಾದವೂ ತಪ್ಪಿಸಿಕೊಳ್ಳಬೇಕಾದ ಎರಡು ದೋಷಗಳನ್ನು ಹೆಸರಿಸಿದ್ದಾರೆ: ಮಾಡಿದ ಕರ್ಮ ಫಲವಿಲ್ಲದೆ ನಾಶವಾಗುವುದು ಕೃತಪ್ರಣಾಶ, ಮಾಡದ ಕರ್ಮದ ಫಲ ಬಂದೊದಗುವುದು ಅಕೃತಾಭ್ಯಾಗಮ. ಮಾಡಿದವನೇ ಉಣ್ಣಬೇಕೆಂಬ ನಿಯಮವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಪುನರ್ಜನ್ಮದ ಕಲ್ಪನೆಯನ್ನೂ ಅವರು ಸಮರ್ಥಿಸಿದರು. ಲಕ್ಷ್ಮೇಶ್ವರದ ಶಂಖ ಬಸದಿಯ ಸುತ್ತ ಶತಮಾನಗಳ ಕಾಲ ಬಾಳಿದ ಜೈನ ಚಿಂತನೆಯಂತೂ ಜೀವವೇ ತನ್ನ ಕರ್ಮದ ಕರ್ತೃ, ಜೀವವೇ ಅದರ ಭೋಕ್ತೃ, ಇನ್ನೊಬ್ಬರಿಗೆ ಅದನ್ನು ದಾಟಿಸಲು ಬಾರದು ಎಂಬುದನ್ನು ಅತ್ಯಂತ ಕಟ್ಟುನಿಟ್ಟಾಗಿ ಪ್ರತಿಪಾದಿಸಿತು. ಈ ಅಳತೆಯಲ್ಲಿ 1924ರ ಕಾಯ್ದೆ ಅಕೃತಾಭ್ಯಾಗಮದ ಶುದ್ಧ ಉದಾಹರಣೆ.

ಹಾಗಾದರೆ ಈ ದರ್ಶನಗಳನ್ನು ಮನ್ನಿಸುತ್ತಿದ್ದ ಸಮಾಜ ಕಾಯ್ದೆಯನ್ನು ಏಕೆ ಪ್ರತಿಭಟಿಸಲಿಲ್ಲ? ಉತ್ತರ ಅದೇ ಕರ್ಮಸಿದ್ಧಾಂತದ ಇನ್ನೊಂದು ಬಳಕೆಯಲ್ಲಿದೆ. ಕೆಟ್ಟ ನಡತೆಯವರು ಕೆಟ್ಟ ಯೋನಿಯನ್ನು ಪಡೆಯುತ್ತಾರೆಂಬ ವಿಚಾರ ಛಾಂದೋಗ್ಯ ಉಪನಿಷತ್ತಿನಷ್ಟು ಹಿಂದಿನಿಂದಲೂ ಇದ್ದು, ಅದನ್ನು ಹಿಂದುಮುಂದಾಗಿ ಓದಿದ ಸಮಾಜ, ಕೀಳೆಂದು ತಾನು ಎಣಿಸಿದ ಕುಲದಲ್ಲಿ ಹುಟ್ಟಿದವನು ಹಿಂದೆ ಕೀಳು ಕೆಲಸ ಮಾಡಿರಲೇಬೇಕೆಂದು ತೀರ್ಮಾನಿಸಿತು. ಹೀಗೆ ಹುಟ್ಟು ಸಾಕ್ಷ್ಯವಾಯಿತು. ಯಾರೂ ಕಾಣದ ಜನ್ಮದಲ್ಲಿ ನಡೆದ, ಯಾರೂ ಸಾಬೀತುಪಡಿಸಲಾಗದ ಅಪರಾಧಕ್ಕೆ ಈ ಜನ್ಮದ ಕುಲವೇ ತೀರ್ಪಿನ ಪ್ರತಿಯೆಂದು ಒಪ್ಪಿಕೊಂಡಿದ್ದ ಊರಿಗೆ, ಸರಕಾರದ ಅಧಿಸೂಚನೆ ವಿಚಿತ್ರವಾಗಿ ತೋರಲಿಲ್ಲ. ಅಸ್ಪೃಶ್ಯರ ಕೇರಿಯನ್ನು ಊರಾಚೆ ಇಟ್ಟವರಿಗೆ ಸೆಟ್ಲಮೆಂಟನ್ನು ಊರಾಚೆ ಕಂಡದ್ದು ಹೊಸ ಅನುಭವವೂ ಆಗಿರಲಿಲ್ಲ. ಹೊರಗಿನಿಂದ ಬಂದ ಜನಾಂಗಭೇದಕ್ಕೆ ಒಳಗಿನ ಜಾತಿಭೇದ ಬಾಗಿಲು ತೆರೆದುಕೊಟ್ಟಿತೆಂಬುದನ್ನು ಒಪ್ಪದೆ ಈ ಚರಿತ್ರೆಯನ್ನು ಬರೆಯಲು ಬಾರದು.

ಇದನ್ನು ಅತ್ಯಂತ ಸ್ಪಷ್ಟವಾಗಿ ಕಂಡವರು ಡಾ. ಬಿ.ಆರ್. ಅಂಬೇಡ್ಕರ್. ಮುಂಬಯಿ ಸರಕಾರ 1928ರಲ್ಲಿ ಅಸ್ಪೃಶ್ಯರ ಮತ್ತು ಆದಿವಾಸಿಗಳ ಸ್ಥಿತಿಗತಿಯ ಪರಿಶೀಲನೆಗೆ ಸಮಿತಿಯೊಂದನ್ನು ನೇಮಿಸಿದಾಗ ಅದಕ್ಕೆ ಅಧ್ಯಕ್ಷರಾದವರು ಇದೇ ಸ್ಟಾರ್ಟೆ. ಅಂಬೇಡ್ಕರರೂ ಠಕ್ಕರ್ ಬಾಪಾ ಅವರೂ ಸದಸ್ಯರಾಗಿದ್ದರು. ವರದಿ 1930ರಲ್ಲಿ ಬಂತು. ಸೆಟ್ಲಮೆಂಟುಗಳ ಅಧಿಕಾರಿಯೇ ಹಿಂದುಳಿದವರ ಹಿತಚಿಂತನೆಯ ಸಮಿತಿಗೆ ಮುಖ್ಯಸ್ಥನಾದದ್ದು ಆ ಕಾಲದ ಆಡಳಿತವು ಕಾವಲನ್ನೂ ಕಲ್ಯಾಣವನ್ನೂ ಎಷ್ಟು ಸಲೀಸಾಗಿ ಬೆರೆಸಿತ್ತೆಂಬುದಕ್ಕೆ ಗುರುತು. 1948ರಲ್ಲಿ ಪ್ರಕಟವಾದ ಅಸ್ಪೃಶ್ಯರ ಮೂಲವನ್ನು ಕುರಿತ ತಮ್ಮ ಗ್ರಂಥದ ಮುನ್ನುಡಿಯಲ್ಲಿ ಅಂಬೇಡ್ಕರರು ಅಪರಾಧಿ ಬುಡಕಟ್ಟುಗಳು, ಆದಿವಾಸಿಗಳು, ಅಸ್ಪೃಶ್ಯರು ಎಂಬ ಮೂರು ವರ್ಗಗಳನ್ನು ಒಟ್ಟಿಗೆ ಇಟ್ಟು, ಇಂಥ ವರ್ಗಗಳನ್ನು ಹುಟ್ಟಿಸಿದ ನಾಗರಿಕತೆಯನ್ನು ನಾಗರಿಕತೆ ಎನ್ನಬಹುದೇ ಎಂಬ ಅರ್ಥದ ಪ್ರಶ್ನೆಯನ್ನು ಎತ್ತಿದರು. ಕಾಯ್ದೆ ಬ್ರಿಟಿಷರದಾಗಿದ್ದರೂ ಉತ್ತರ ಕೊಡಬೇಕಾದವರು ಬ್ರಿಟಿಷರು ಮಾತ್ರವಲ್ಲ ಎಂಬುದು ಆ ಪ್ರಶ್ನೆಯೊಳಗಿನ ಒತ್ತು, ಮತ್ತು ಅದರ ಮೊನೆ ಇಂದಿಗೂ ಮೊಂಡಾಗಿಲ್ಲ.

ಉತ್ತರಕ್ಕೆ ಬೇಕಾದ ಸಾಮಗ್ರಿ ಈ ನೆಲದಲ್ಲಿ ಇರಲಿಲ್ಲವೆಂದಲ್ಲ. ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರದ ಕನ್ನಡದ ತಿರುಳಿನಲ್ಲಿ ಕಾವ್ಯ ಬರೆದೆನೆಂದು ಹೆಮ್ಮೆಪಟ್ಟ ಪಂಪನು ಹತ್ತನೆಯ ಶತಮಾನದಲ್ಲಿಯೇ ತನ್ನ ಭಾರತದಲ್ಲಿ ಕರ್ಣನ ಬಾಯಿಂದ, ಕುಲವೆಂಬುದು ಹುಟ್ಟಿದ ವಂಶದಲ್ಲಿಲ್ಲ, ಛಲ, ಗುಣ, ಅಭಿಮಾನಗಳಲ್ಲಿದೆ ಎಂಬ ವಾದವನ್ನು ಹೊರಡಿಸಿದ್ದನು. ಹನ್ನೆರಡನೆಯ ಶತಮಾನದ ಶರಣರು ಈ ವಾದವನ್ನು ವೀರನ ಹೆಮ್ಮೆಯಿಂದ ಬಿಡಿಸಿ ದುಡಿಯುವವರ ಕೈಗೆ ಕೊಟ್ಟರು. ಅವರಲ್ಲಿ ಕನ್ನದ ಮಾರಿತಂದೆ ಎಂಬ ವಚನಕಾರನಿದ್ದಾನೆ. ಗೋಡೆಗೆ ಕನ್ನ ಕೊರೆದು ಕದಿಯುವುದು ಅವನ ವೃತ್ತಿಯಾಗಿತ್ತೆಂದು ಪರಂಪರೆ ಹೇಳುತ್ತದೆ. ಉಳಿದಿರುವ ಅವನ ಕೆಲವೇ ವಚನಗಳಲ್ಲಿ ಅವನು ತನ್ನ ವೃತ್ತಿಯನ್ನು ಮುಚ್ಚಿಡುವುದಿಲ್ಲ, ಕತ್ತಲೆಯಲ್ಲಿ, ಮೈಮರೆತವರ ಮನೆಯಲ್ಲಿ ಕದಿಯುವುದು ತನ್ನ ಒಡೆಯನಿಗೆ ಕುಂದೆಂದು ಭಾವಿಸಿ ಅದನ್ನು ಧರ್ಮದ ಒರೆಗೆ ಹಚ್ಚುತ್ತಾನೆ. ಶರಣರ ಸಂಗ ಕಳ್ಳನನ್ನು ಕಳ್ಳನೆಂದು ತಿಳಿದೇ ಒಳಕ್ಕೆ ಕರೆದುಕೊಂಡಿತು, ಅವನ ಮಾತನ್ನು ಅರಸನ ಮಂತ್ರಿಯ ಮಾತಿನ ಪಕ್ಕದಲ್ಲಿಟ್ಟು ಕಾಪಾಡಿತು. ಅವನ ಮಕ್ಕಳ ಮೇಲೆ ಯಾವ ಕಳಂಕವನ್ನೂ ಬರೆದಿಡಲಿಲ್ಲ.

ಇನ್ನೂ ಹತ್ತಿರದ ಸಂಬಂಧವೊಂದಿದೆ. ಕೊರಮ-ಕೊರಚ ಸಮುದಾಯದವರು ತಮ್ಮ ಹಿರಿಯನೆಂದು ಗೌರವಿಸುವ ನುಲಿಯ ಚಂದಯ್ಯನು ಹಗ್ಗ ಹೊಸೆಯುವ ಶರಣ. ಹುಲ್ಲು ಕೊಯ್ಯುವಾಗ ಮೈಮೇಲಿನ ಲಿಂಗ ನೀರಿಗೆ ಜಾರಿದರೂ ಕಾಯಕ ನಿಲ್ಲಿಸದವನೆಂದು ಅವನ ಕಥೆ ಸಾರುತ್ತದೆ. ಒಡ್ಡರು, ಅಂದರೆ ಭೋವಿ ಸಮುದಾಯದವರು, ಗುರುವೆಂದು ನಂಬಿದ ಸಿದ್ಧರಾಮನು ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿದವನು. ಲಿಂಗಕ್ಕಿಂತ ಕಾಯಕವನ್ನು ಮೇಲಿಟ್ಟ ಶರಣನ ವಾರಸುದಾರರೆಂದು ಹೇಳಿಕೊಳ್ಳುವವರನ್ನು ದುಡಿಯಲೊಲ್ಲದ ಹುಟ್ಟುಗಳ್ಳರೆಂದು ನೋಂದಾಯಿಸಲಾಯಿತು. ಸಿದ್ಧರಾಮನ ಊರೇ ಪ್ರಾಂತ್ಯದ ದೊಡ್ಡ ಸೆಟ್ಲಮೆಂಟುಗಳಲ್ಲೊಂದಕ್ಕೆ ನೆಲೆಯಾಯಿತು. ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದದ್ದು 1923ರಲ್ಲಿ, ಅಂದರೆ ಕ್ರೋಡೀಕೃತ ಕಾಯ್ದೆಗೆ ಒಂದು ವರ್ಷ ಮೊದಲು, ಮತ್ತು ಅವರ ಕರ್ಮಭೂಮಿ ಸೆಟ್ಲಮೆಂಟಿದ್ದ ಅದೇ ವಿಜಯಪುರ. ವಚನಗಳನ್ನು ತಾಳೆಗರಿಯಿಂದ ಎತ್ತಿ ಅಚ್ಚಿಗೆ ತಂದ ಆ ಮಹಾಕಾರ್ಯಕ್ಕೆ ನಾಡು ಸದಾ ಋಣಿ. ಆದರೆ ಓದಿ ತಲೆದೂಗಿದ ವಿದ್ಯಾವಂತ ಸಮಾಜ, ನುಲಿಯ ಚಂದಯ್ಯನ ಬಳಗವೆನಿಸಿಕೊಂಡವರು ತನ್ನೂರಿನ ಅಂಚಿನಲ್ಲಿ ಹಾಜರಿ ಕೊಡುತ್ತಿರುವುದನ್ನು ಧರ್ಮದ ಪ್ರಶ್ನೆಯೆಂದು ಎಣಿಸಲಿಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವುದು ಈ ಸೀಮೆಯ ದೊಡ್ಡ ಹೆಮ್ಮೆ. ಮತಗಳ ನಡುವಿನ ಸೌಹಾರ್ದಕ್ಕೆ ದಾರಿ ಕಂಡ ಸೀಮೆಗೂ ಹುಟ್ಟಿನ ಕಳಂಕವನ್ನು ಅಳಿಸುವ ದಾರಿ ಸುಲಭವಾಗಿ ಕಾಣಲಿಲ್ಲವೆಂದರೆ, ಇವೆರಡೂ ಬೇರೆಬೇರೆ ಪರೀಕ್ಷೆಗಳೆಂದೇ ತಿಳಿಯಬೇಕು.

ಇಲ್ಲಿ ಶರಣಚಿಂತನೆಗೂ ಒಂದು ಕಠಿಣ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಕಾಯಕವು ವ್ಯಕ್ತಿ ತಾನಾಗಿ ಆಯ್ದು ಶುದ್ಧಿಯಿಂದ ಮಾಡುವ ಕೆಲಸವೆಂದು ಹೊಳೆದಾಗ ಅದು ಜಾತಿಯನ್ನು ಒಡೆಯಿತು. ಅದೇ ಕಾಯಕ ಶರಣನ ಹೆಸರಿಗೆ ವಿಶೇಷಣವಾಗಿ ಅಂಟಿ, ಮುಂದಿನ ತಲೆಮಾರುಗಳಲ್ಲಿ ಒಂದೊಂದು ಜಾತಿಗೆ ಒಬ್ಬೊಬ್ಬ ಶರಣನೆಂಬ ಹಂಚಿಕೆಯಾದಾಗ, ಕಸುಬು ಮತ್ತೆ ವಂಶಕ್ಕೆ ಮರಳಿತು. ಕಸುಬು ವಂಶದ್ದೆಂದು ಒಪ್ಪಿದವನು ಕಳವೂ ವಂಶದ್ದೆಂಬ 1871ರ ವಾದವನ್ನು ನಿರಾಕರಿಸುವುದು ಕಷ್ಟ.

ಸ್ವಾತಂತ್ರ್ಯದ ನಂತರ ಮುಂಬಯಿ ಪ್ರಾಂತ್ಯದಲ್ಲಿ 1949ರಲ್ಲಿ ಕಾಯ್ದೆ ರದ್ದಾಯಿತು. ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನ ಮೇಲೆ 1952ರ ಆಗಸ್ಟ್ 31ರಂದು ಅದು ದೇಶದಾದ್ಯಂತ ಕೊನೆಗೊಂಡಿತು. ಈ ಸಮುದಾಯಗಳಿಗೆ ವಿಮುಕ್ತ ಬುಡಕಟ್ಟುಗಳೆಂಬ ಹೆಸರು ಬಂತು, ಆಗಸ್ಟ್ 31 ವಿಮುಕ್ತ ದಿನವಾಯಿತು. ಆದರೆ ಬೇರೆಬೇರೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ಮಾಡಿಕೊಂಡವು, ಮೈಸೂರು ರಾಜ್ಯ 1961ರಲ್ಲಿ. ಇವು ಕಾಗದದ ಮೇಲೆ ಹಲವು ಬಾರಿ ಶಿಕ್ಷೆಗೊಳಗಾದ ವ್ಯಕ್ತಿಗೆ ಅನ್ವಯಿಸುವ ಕಾನೂನುಗಳಾದರೂ, ಎಲ್ಲಿಯಾದರೂ ಕಳವಾದೊಡನೆ ಯಾರ ಗುಡಿಸಲಿನ ಕಡೆ ಕಣ್ಣು ಹೊರಳಬೇಕೆಂಬ ಹಳೆಯ ಅಭ್ಯಾಸಕ್ಕೆ ಆಸರೆಯಾದವು. ಜನಾಂಗಭೇದ ನಿರ್ಮೂಲನೆಯನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ಸಮಿತಿ 2007ರಲ್ಲಿ ಈ ಬಗೆಯ ಕಾನೂನನ್ನು ರದ್ದುಪಡಿಸಬೇಕೆಂದು ಭಾರತಕ್ಕೆ ಸೂಚಿಸಿತು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಗಂಟಿಚೋರ್ ಎಂಬ ಹೆಸರು ಇಂದಿಗೂ ಹಾಗೆಯೇ ಇದೆ. ತನ್ನ ಹಕ್ಕಿನ ಪ್ರಮಾಣಪತ್ರ ಪಡೆಯಲು ಕಚೇರಿಗೆ ಹೋಗುವ ವಿದ್ಯಾರ್ಥಿ ತನ್ನ ಮೇಲಿನ ಆರೋಪವನ್ನೇ ತನ್ನ ಗುರುತೆಂದು ಅರ್ಜಿಯಲ್ಲಿ ತುಂಬಬೇಕಾಗಿದೆ.

2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ನೀಡಿದ ತೀರ್ಪಿನಲ್ಲಿ, ಜೈಲುಗಳಲ್ಲಿ ಜಾತಿಯ ಆಧಾರದ ಮೇಲೆ ಕೆಲಸ ಹಂಚುವ ನಿಯಮಗಳನ್ನು ಅಸಿಂಧುಗೊಳಿಸಿ, ಕೈದಿಗಳ ದಾಖಲೆಯಿಂದ ಜಾತಿಯ ಅಂಕಣವನ್ನು ತೆಗೆಯಬೇಕೆಂದು ಆದೇಶಿಸಿತು, ಮತ್ತು ವಿಮುಕ್ತ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳೆಂದು ಎಣಿಸುವ ಜೈಲು ಕೈಪಿಡಿಗಳ ಮಾತುಗಳನ್ನು ತಳ್ಳಿಹಾಕಿತು. ಕಾಯ್ದೆ ಸತ್ತು 72 ವರ್ಷಗಳಾದ ಮೇಲೂ ಅದರ ತರ್ಕ ಕೈಪಿಡಿಗಳ ಪುಟಗಳಲ್ಲಿ ಬದುಕಿತ್ತೆಂಬುದನ್ನು ಈ ತೀರ್ಪೇ ದಾಖಲಿಸಿದೆ. ಕೈಪಿಡಿಯನ್ನು ತಿದ್ದುವ ಅಧಿಕಾರ ನ್ಯಾಯಾಲಯಕ್ಕಿದೆ. ಸೆಟ್ಲಮೆಂಟ್ ಎಂಬ ವಿಳಾಸವನ್ನು ಕಂಡೊಡನೆ ಬಾಡಿಗೆಗೆ ಮನೆಯಿಲ್ಲವೆನ್ನುವ ಮಾಲೀಕನ ಮುಂದೆ, ಕಳವಿನ ಸುದ್ದಿ ಬಂದೊಡನೆ ಹುಡುಗನ ಕುಲ ಕೇಳುವ ನೆರೆಯವರ ಮುಂದೆ ಅದು ಹಾಜರಾಗಲಾರದು. ಆ ಪ್ರಕರಣ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮಠ, ಮಸೀದಿ, ಬಸದಿ, ಇಗರ್ಜಿಗಳಲ್ಲಿ ಕೂಡುವ ಜನರೆದುರೇ ವಿಚಾರಣೆಗೆ ಬರಬೇಕಾಗಿದೆ.